ಒಳಬಾಗಿದ ಅಲಗನ್ನು ಮಸೆಯಲು ಹೋಗಿ ಕಳೆದ ಮೂರು ತಿಂಗಳು

ಜೂನ್ ಕೊನೆಯ ವಾರದಲ್ಲಿ ಕೈಗೆತ್ತಿಕೊಂಡ ಕೆಲಸ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಕೆಲಸವೆಂದರೆ ಅಪ್ಪನ ಖುಕ್ರಿಯನ್ನು, ಅಂದರೆ ನೇಪಾಳದವರ ಬಾಗಿದ ಕತ್ತಿಯನ್ನು, ಹರಿತಗೊಳಿಸುವುದು, ಅಷ್ಟೇ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಕತ್ತಿ ಮಸೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಮೂರು ತಿಂಗಳು, ಮೂರು ಸಾವಿರಕ್ಕೂ ಹೆಚ್ಚು ರೂಪಾಯಿ, ಎಡಗೈ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಆದ ಮೇಲೆ ಆ ಜಂಬ ಉಳಿದಿಲ್ಲವಾದ್ದರಿಂದ, ಒಳಬಾಗಿದ ಬಾಯಿಯ ಕತ್ತಿಯನ್ನು ಮಸೆಯಲು ಹೊರಟ ಬೇರೆಯವರು ನಾನು ಹೋದ ದಾರಿಯಲ್ಲೇ ಹೋಗದಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಅಪ್ಪ ಸೈನ್ಯದಲ್ಲಿದ್ದವರು. ಡೆಹ್ರಾಡೂನಿನಲ್ಲಿದ್ದಾಗ ಪೂರ್ವ ನೇಪಾಳದ ಭೋಜಪುರದ ಕಡೆಯ ಗೆಳೆಯರೊಬ್ಬರು ಅವರಿಗೆ ಈ ಖುಕ್ರಿಯನ್ನು ಕೊಟ್ಟಿದ್ದರು. 1993ರಲ್ಲಿ ನಿವೃತ್ತರಾಗಿ ಊರಿಗೆ ಬಂದ ಮೇಲೆ ಕೆಲವು ವರ್ಷ ಬೇಣ (ಹುಲ್ಲು ಬೆಳೆಯುವ ಜಾಗ) ಸವರಲು ಅದನ್ನೇ ಬಳಸುತ್ತಿದ್ದರು. ಆಮೇಲೆ ಅದು ಚರ್ಮದ ಒರೆಯೊಳಗೆ ಕಪಾಟು ಸೇರಿತು. ಅವರು ಹೋದ ಮೂರನೆಯ ವರ್ಷ, ಈ ಮಳೆಗಾಲದ ಆರಂಭದಲ್ಲಿ, ಕಪಾಟು ಖಾಲಿ ಮಾಡುವಾಗ ಒರೆಯಿಂದ ಎಳೆದರೆ ಅಲಗು ಬರಲೊಲ್ಲದು. ಬಲವಂತವಾಗಿ ಎಳೆದಾಗ ಬಂದದ್ದು ಕೆಂಪು ತುಕ್ಕಿನ ಚುಕ್ಕೆಗಳು ತುಂಬಿದ, ಬಾಯಿ ಸಂಪೂರ್ಣ ಮೊಂಡಾದ, ಒಳಬಾಗಿನ ಮಧ್ಯದಲ್ಲಿ ಎರಡು ಮಿಲಿಮೀಟರ್ ಆಳದ ಮುಕ್ಕಿರುವ ಒಂದು ಕಬ್ಬಿಣದ ತುಂಡು. ಮಲೆನಾಡಿನ ಥಂಡಿಯನ್ನು ಚರ್ಮ ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಚರ್ಮ ಹದಮಾಡುವಾಗ ಹಾಕಿದ ದ್ರವ್ಯಗಳ ಶೇಷವೂ ಸೇರಿ ಉಕ್ಕನ್ನು ತಿನ್ನುತ್ತದೆ. ಒರೆ ಇರುವುದು ಒಯ್ಯುವುದಕ್ಕೆ, ಇಡುವುದಕ್ಕಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಖುಕ್ರಿಯ ಆಕಾರವನ್ನು ಮೊದಲು ಹೇಳಬೇಕು, ಏಕೆಂದರೆ ತೊಂದರೆಯೆಲ್ಲ ಆಕಾರದ್ದೇ. ಹಿಡಿಯ ಬಳಿಯ ಸಣ್ಣ ಕಚ್ಚಿನಿಂದ ಹೊರಟ ಬಾಯಿ ಮೊದಲು ಒಳಕ್ಕೆ ಬಾಗುತ್ತದೆ, ನಂತರ ಹೊಟ್ಟೆಯ ಹಾಗೆ ಹೊರಕ್ಕೆ ಉಬ್ಬಿ ತುದಿಗೆ ಹೋಗಿ ಸೇರುತ್ತದೆ. ನಮ್ಮದರ ಅಲಗು 26 ಸೆಂಟಿಮೀಟರ್ ಉದ್ದವಿದ್ದು, ಅದರಲ್ಲಿ ಸುಮಾರು 9 ಸೆಂಟಿಮೀಟರ್ ಒಳಬಾಗು. ಅಗಲವೂ ಒಂದೇ ಸಮನಿಲ್ಲ: ಹಿಡಿಯ ಹತ್ತಿರ 30 ಮಿಲಿಮೀಟರ್, ಹೊಟ್ಟೆಯಲ್ಲಿ 55. ನಮ್ಮ ಕಡೆಯ ಕೊಕ್ಕೆ ಮೂತಿಯ ಕತ್ತಿ, ಕೊಡಗಿನವರ ಒಡಿಕತ್ತಿ, ಕುಡುಗೋಲು ಇವಕ್ಕೂ ಬಾಗಿನ ಮಟ್ಟಿಗೆ ಇದೇ ಜಾತಕ.

ಮೊದಲ ದಿನ ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಬಾವಿಕಟ್ಟೆಯ ಬಳಿಯ ಮಸೆಗಲ್ಲಿನ ಮೇಲೆ ನೀರು ಹೊಯ್ದು ಅರ್ಧ ಗಂಟೆ ಉಜ್ಜಿದೆ. ಹೊಟ್ಟೆಯ ಭಾಗ ಚೆನ್ನಾಗಿ ಹರಿತವಾಯಿತು, ತುದಿಯೂ ಆಯಿತು, ಒಳಬಾಗು ಮಾತ್ರ ಬೆಣ್ಣೆಯನ್ನೂ ಕೊಯ್ಯುವಂತಿರಲಿಲ್ಲ. ಇನ್ನೂ ಒತ್ತಿ ಉಜ್ಜಿದೆ. ಆಗ ಕಲ್ಲಿನ ಅಂಚು ಒಳಬಾಗಿಗೆ ತಗುಲಿ ಎರಡು ಕಡೆ ಗೀರು ಬಿದ್ದವು. ಮಗಳು ಶಾಲೆಗೆ ಒಯ್ಯುವ ಮಾರ್ಕರ್ ಪೆನ್ನಿನಿಂದ ಬಾಯಿಯ ಅಂಚಿಗೆ ಕಪ್ಪು ಬಳಿದು, ಎರಡು ಬಾರಿ ಮಾತ್ರ ಉಜ್ಜಿ ನೋಡಿದಾಗ ಸಂಗತಿ ಸ್ಪಷ್ಟವಾಯಿತು: ಒಳಬಾಗಿನ ಆಚೆ ತುದಿ, ಈಚೆ ತುದಿಗಳ ಕಪ್ಪು ಅಳಿಸಿದೆ, ನಡುವಿನದು ಹಾಗೆಯೇ ಇದೆ. ಎರಡಿಂಚು ಅಗಲದ ರಟ್ಟಿನ ತುಂಡನ್ನು ಒಳಬಾಗಿಗೆ ಅಡ್ಡ ಹಿಡಿದರೆ ನಡುವೆ ಸುಮಾರು 2 ಮಿಲಿಮೀಟರ್ ಸಂದು ಕಾಣುತ್ತಿತ್ತು. ಅಷ್ಟೇ ಅಗಲದ ಚಪ್ಪಟೆ ಕಲ್ಲು ಹಳ್ಳದ ಮೇಲೆ ಹಾಕಿದ ಸಂಕದಂತೆ ಎರಡು ದಡಗಳ ಮೇಲೆ ಕೂತುಬಿಡುತ್ತದೆ; ಹಳ್ಳಕ್ಕೆ ಇಳಿಯುವುದೇ ಇಲ್ಲ. ಹಠ ಹಿಡಿದು ವರ್ಷಗಟ್ಟಲೆ ಹಾಗೆಯೇ ಉಜ್ಜಿದರೆ ದಡಗಳು ಸವೆದು ಸವೆದು ಒಳಬಾಗು ಹೋಗಿ ಕತ್ತಿ ನೇರವಾಗುತ್ತದೆ. ಊರಿನ ಎಷ್ಟೋ ಹಳೆಯ ಕತ್ತಿಗಳು ಕೊಕ್ಕೆ ಕಳೆದುಕೊಂಡು ಬೋಳಾಗಿರುವುದು ಹೀಗೆಯೇ. ಮಾರ್ಕರ್ ಬಳಿಯುವ ಉಪಾಯವನ್ನು ಮೊದಲ ದಿನವೇ, ಉಜ್ಜುವ ಮೊದಲೇ, ಮಾಡಬೇಕು. ನಾನು ಮಾಡಿದ್ದು ಅರ್ಧ ಗಂಟೆ ತಡವಾಗಿ.

ಜುಲೈ ಮೊದಲ ವಾರ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಪೇಟೆಗೆ ಹೋದೆ. ಸಾಣೆ ಹಿಡಿಯುವ ಅಂಗಡಿಯೊಂದರಲ್ಲಿ ಕೊಟ್ಟರೆ ಮೂರು ದಿನ ಬಿಟ್ಟು ಬನ್ನಿ ಎಂದರು. ಮೂರನೆಯ ದಿನ ವಿದ್ಯುತ್ ಇರಲಿಲ್ಲ, ಐದನೆಯ ದಿನ ಅಂಗಡಿ ತೆರೆದಿರಲಿಲ್ಲ, ಏಳನೆಯ ದಿನ ಸಿಕ್ಕಿತು. ಅರವತ್ತು ರೂಪಾಯಿ ಕೊಟ್ಟು, ಫಳಫಳ ಹೊಳೆಯುತ್ತಿದ್ದ ಅಲಗನ್ನು ನೋಡಿ ಖುಷಿಯಿಂದಲೇ ಬಂದೆ. ಮನೆಯಲ್ಲಿ ಬೆಳಕಿಗೆ ಹಿಡಿದಾಗ ಕಂಡದ್ದು ಬೇರೆ. ಒಳಬಾಗಿನಲ್ಲಿ ಚಕ್ರದ ಮೂಲೆ ಕಚ್ಚಿ ಹಲ್ಲಿನ ಗುರುತಿನಂಥ ಕುಳಿ ಮಾಡಿತ್ತು, ಅದರ ಸುತ್ತ ಬಾಯಿಯ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ನವಿಲಿನ ಕತ್ತಿನ ಹಾಗೆ ನೀಲಿಯಾಗಿತ್ತು. ಹಸಿ ಗೊಬ್ಬರದ ಗಿಡದ ಟೊಂಗೆಗೆ ನಾಲ್ಕು ಏಟು ಹಾಕುವಷ್ಟರಲ್ಲಿ ಆ ಜಾಗದ ಬಾಯಿ ಮಡಚಿಕೊಂಡಿತು.

ನೀಲಿಯ ಅರ್ಥ ತಿಳಿದದ್ದು ಪಕ್ಕದ ಊರಿನ ಕುಲುಮೆಯಲ್ಲಿ. ಮಳೆಗಾಲದಲ್ಲಿ ಕುಲುಮೆ ವಾರಕ್ಕೆ ಎರಡೇ ದಿನ ಉರಿಯುತ್ತದೆಯಾದ್ದರಿಂದ ಎರಡು ಬಾರಿ ಸುಮ್ಮನೆ ಹೋಗಿ ಬಂದೆ. ಮೂರನೆಯ ಸಲ ಆಚಾರಿ ಸಿಕ್ಕರು. ಅಲಗನ್ನು ತಿರುಗಿಸಿ ನೋಡಿದವರು "ಹದ ಹೋಗಿದೆ" ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ಉಕ್ಕು ಬಿಸಿಯಾಗುತ್ತ ಹೋದಂತೆ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದರ ಮೈಗೆ ಒಣಹುಲ್ಲಿನ ಹಳದಿ ಬರುತ್ತದೆ, ಆಮೇಲೆ ಕಂದು, 300ರ ಆಸುಪಾಸಿನಲ್ಲಿ ನೀಲಿ. ಬಣ್ಣ ಮೈಮೇಲಿನದು, ಉಜ್ಜಿದರೆ ಹೋಗುತ್ತದೆ. ಆದರೆ ಅಷ್ಟು ಕಾದ ಉಕ್ಕಿನ ಗಡಸು ಇಳಿದಿರುತ್ತದೆ, ಉಜ್ಜಿದರೆ ಅದು ಮರಳಿ ಬರುವುದಿಲ್ಲ. ಬಾಯಿಯ ಅಂಚು ಕಾಗದದಷ್ಟು ತೆಳ್ಳಗಿರುವುದರಿಂದ ಒಣ ಚಕ್ರಕ್ಕೆ ಕ್ಷಣಮಾತ್ರ ತಗುಲಿದರೂ ಅಷ್ಟು ಬಿಸಿ ಏರುತ್ತದೆ. ಬೇರೆಯವರಿಂದ ಯಂತ್ರಕ್ಕೆ ಹಿಡಿಸಲೇಬೇಕಾದ ಪ್ರಸಂಗ ಬಂದರೆ ಎದುರೇ ನಿಂತು, ಪ್ರತಿ ಎಳೆತಕ್ಕೂ ನೀರಿನಲ್ಲಿ ಅದ್ದಿಸಬೇಕು. ಅಲಗು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದರೆ ಅಲ್ಲಿಗೆ ನಿಲ್ಲಿಸಬೇಕು.

ಆಚಾರಿ ಇನ್ನೊಂದು ಪಾಠವನ್ನೂ ಹೇಳಿದರು. ಅರವನ್ನು ತೆಗೆದುಕೊಂಡು ಬಾಯಿಯುದ್ದಕ್ಕೂ ಮೆತ್ತಗೆ ಆಡಿಸಿದರು. ಹೊಟ್ಟೆಯ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರಿತು. ಹಿಡಿಯ ಬಳಿ ಕಚ್ಚಿತು. ಅಲ್ಲೂ ಹದ ಕೆಟ್ಟಿದೆಯೇ ಎಂದು ನಾನು ಗಾಬರಿಯಾದರೆ ಅವರು ನಕ್ಕರು. ನೇಪಾಳದ ಕಮ್ಮಾರರು ಇವನ್ನು ಹೆಚ್ಚಾಗಿ ಲಾರಿಯ ಪಟ್ಟಿ ಸ್ಪ್ರಿಂಗಿನಿಂದ ಬಡಿಯುತ್ತಾರೆ; ಕಾದ ಅಲಗನ್ನು ಇಡಿಯಾಗಿ ಮುಳುಗಿಸುವ ಬದಲು ಕೆಟಲಿನ ಮೂತಿಯಿಂದ ಬಾಯಿಯ ಗುಂಟ ನೀರು ಹೊಯ್ದು ಹದ ಕೊಡುತ್ತಾರೆ. ಆದ್ದರಿಂದ ಹೆಚ್ಚು ಏಟು ಬೀಳುವ ಹೊಟ್ಟೆ ಅತ್ಯಂತ ಗಡಸು, ಬೆನ್ನು ಮತ್ತು ಹಿಡಿಯ ಕಡೆ ಮೆದು. ಒಂದೇ ಕತ್ತಿಯಲ್ಲಿ ಎರಡು ಗಡಸು ಇರುವಾಗ ಒಂದೇ ಸಮನೆ ಉಜ್ಜಿದರೆ ಮೆದು ಭಾಗ ಬೇಗ ಸವೆಯುತ್ತದೆ, ಅಂದರೆ ಒಳಬಾಗು ಇನ್ನಷ್ಟು ಆಳವಾಗುತ್ತದೆ. ಮತ್ತೆ ಕಾಯಿಸಿ ಹದ ಹಾಕಿಕೊಡಿ ಎಂದು ಕೇಳಿದೆ. ಹಳೆಯ ಉಕ್ಕು, ಬಿರುಕು ಬಿಟ್ಟರೆ ನಿಮ್ಮ ಅಪ್ಪನಿಗೆ ನಾನು ಏನು ಹೇಳಲಿ ಎಂದು ಒಪ್ಪಲಿಲ್ಲ. ನೀಲಿಯಾದ ಅಂಚನ್ನು ಒಂದು ಮಿಲಿಮೀಟರಿನಷ್ಟು ಕೈಯಿಂದಲೇ ಸವೆಸಿ ತೆಗೆಯಿರಿ, ಒಳಗೆ ಒಳ್ಳೆಯ ಉಕ್ಕು ಸಿಗುತ್ತದೆ ಎಂದರು. ನೂರು ರೂಪಾಯಿಯನ್ನು ಒತ್ತಾಯ ಮಾಡಿ ಕೊಟ್ಟು ಬಂದೆ.

ಅಷ್ಟು ಹೇಳಿದರೂ ಕೇಳದೆ, ಬೆಂಗಳೂರಿನಲ್ಲಿ ಕೈಯಿಂದಲೇ ಚಾಕು ಮಸೆಯುವ ಹವ್ಯಾಸವಿರುವ ಗೆಳೆಯನೊಬ್ಬನಿಗೆ ಕಳುಹಿಸೋಣ ಎಂದು ಕೊರಿಯರ್ ಕಚೇರಿಗೆ ಹೋದೆ. ರಟ್ಟು, ಗೋಣಿ, ಮರದ ಪಟ್ಟಿ ಹಾಕಿ ಕಟ್ಟಿದ್ದೆ. ಒಳಗೇನು ಎಂದು ಕೇಳಿದರು, ಹೇಳಿದೆ. ಬಿಲ್ ಕೇಳಿದರು, ಮೂವತ್ತು ವರ್ಷದ ಹಿಂದೆ ಗೆಳೆಯ ಕೊಟ್ಟ ಉಡುಗೊರೆಗೆ ಬಿಲ್ ಎಲ್ಲಿಂದ ತರುವುದು? ಗುರುತಿನ ಚೀಟಿಯ ಪ್ರತಿ, ಕೃಷಿ ಉಪಕರಣವೆಂಬ ಸ್ವಘೋಷಣೆ ಬರೆದು ತನ್ನಿ ಎಂದರು. ಮರುದಿನ ಎರಡನ್ನೂ ಒಯ್ದಾಗ ಬೇರೊಬ್ಬರು ಕುಳಿತಿದ್ದು, ಹರಿತವಾದ ವಸ್ತುವನ್ನು ತೆಗೆದುಕೊಳ್ಳುವುದೇ ಇಲ್ಲ ಎಂದರು. ಹರಿತವಿದ್ದಿದ್ದರೆ ನಾನು ಯಾಕೆ ಕಳುಹಿಸುತ್ತಿದ್ದೆ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಗೆಳೆಯನೇ ಫೋನಿನಲ್ಲಿ ದಾರಿ ತೋರಿಸಿದ. ಒಳಬಾಗಿದ ಬಾಯಿಗೆ ಹೊರಬಾಗಿದ ಕಲ್ಲು ಬೇಕು. ಕಲ್ಲಿನ ದುಂಡು ಕತ್ತಿಯ ಬಾಗಿಗಿಂತ ಚಿಕ್ಕದಿರಬೇಕು, ಇಷ್ಟೇ ಸೂತ್ರ ಎಂದ. ಅದು ಗುಂಡನೆಯ ಸೆರಾಮಿಕ್ ಕಡ್ಡಿಯಾಗಬಹುದು, ಅಂಚುಗಳನ್ನು ದುಂಡಗೆ ಸವೆಸಿದ ಕಿರಿದಾದ ಕಲ್ಲಾಗಬಹುದು, ಉರುಟು ಕೋಲಿಗೆ ಸುತ್ತಿದ ಮರಳು ಕಾಗದವೂ ಆಗಬಹುದು. ಅದನ್ನು ಕೇಳಿದಾಗ ನೆನಪಾದದ್ದು ಅಜ್ಜ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಹರಡಿ ಕತ್ತಿ ಮಸೆಯುತ್ತಿದ್ದುದು. ವರ್ಷಗಳ ಬಳಕೆಯಿಂದ ಆ ಹಲಗೆಯ ಒಂದು ಅಂಚು ಹೆಬ್ಬೆರಳಿನಂತೆ ದುಂಡಗಾಗಿತ್ತು, ಕೊಕ್ಕೆಯ ಒಳಭಾಗವನ್ನು ಅಜ್ಜ ಯಾವಾಗಲೂ ಅಲ್ಲಿಯೇ ಎಳೆಯುತ್ತಿದ್ದರು. ಆ ಹಲಗೆ ಎಂದೋ ಒಲೆ ಸೇರಿದೆ. ನಾನು ಅಡುಗೆಮನೆಯಿಂದ ಲಟ್ಟಣಿಗೆಯನ್ನು ಎತ್ತಿಕೊಂಡು ಬಂದೆ.

ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಸಿಗುವ, ನೀರಿನಲ್ಲಿ ನೆನೆಸಬಹುದಾದ ಮರಳು ಕಾಗದದ 220, 400, 800, 1500, 2000 ಸಂಖ್ಯೆಯ (ಸಂಖ್ಯೆ ಏರಿದಷ್ಟೂ ಕಾಗದ ನುಣುಪು) ಎರಡೆರಡು ಹಾಳೆ, ಅರ್ಧ ದುಂಡಗಿನ ಒಂದು ಅರ, ಹೊಳಪಿಗೆ ಹಸಿರು ಮೇಣದ ಗಟ್ಟಿ ತಂದೆ. ಸೆರಾಮಿಕ್ ಕಡ್ಡಿಯನ್ನು ಆನ್‌ಲೈನಿನಲ್ಲಿ ತರಿಸಿದೆ. ಘಟ್ಟದಲ್ಲಿ ಮಣ್ಣು ಕುಸಿದಿತ್ತೆಂದು ಅದು ಬರಲು ಹನ್ನೊಂದು ದಿನ ಹಿಡಿಯಿತು. ಈಗ ನೋಡಿದರೆ ಅದು ಬಂದಿರದಿದ್ದರೂ ನಡೆಯುತ್ತಿತ್ತು.

ಹೆಚ್ಚು ತಲೆ ತಿಂದದ್ದು ಕೋನ. ಕಡಿಯುವ ಕತ್ತಿಗೆ ಪ್ರತಿ ಬದಿಗೆ 20 ಡಿಗ್ರಿ ಸಾಕು ಎಂದು ಗೆಳೆಯ ಹೇಳಿದ್ದ. ಚಾಕುವನ್ನು ಕಲ್ಲಿನ ಮೇಲೆ ಆಡಿಸುವವರು 20 ಡಿಗ್ರಿಯನ್ನು ಕಣ್ಣಂದಾಜಿನಲ್ಲಿ ಹಿಡಿಯಲಾರರು, ಆದರೆ ಅಗಲದ ಮೂರನೆಯ ಒಂದು ಭಾಗದಷ್ಟು ಬೆನ್ನನ್ನು ಎತ್ತಿದರೆ ಹೆಚ್ಚುಕಡಿಮೆ ಅದೇ ಕೋನ ಬರುತ್ತದೆ. ಸಾಮಾನ್ಯ ಚಾಕುವಿನಲ್ಲಿ ಬುಡದಿಂದ ತುದಿಯ ತನಕ ಎತ್ತರ ಬಹುಮಟ್ಟಿಗೆ ಒಂದೇ. ಖುಕ್ರಿಯಲ್ಲಿ ಹಿಡಿಯ ಬಳಿ 10 ಮಿಲಿಮೀಟರ್ ಎತ್ತಿದರೆ ಹೊಟ್ಟೆಗೆ ಬರುವಷ್ಟರಲ್ಲಿ 18-19 ಎತ್ತಬೇಕಾಗುತ್ತದೆ. ಎಳೆತದ ಮಧ್ಯದಲ್ಲಿ ಬೆನ್ನು ಏರುತ್ತಲೇ ಹೋಗಬೇಕು, ಅದೂ ಬಾಗನ್ನು ಅನುಸರಿಸಿ ಕೈ ತಿರುಗುತ್ತಿರುವಾಗ. ನಾಲ್ಕು ದಿನ ಒದ್ದಾಡಿದ ಮೇಲೆ ನಾನು ಆ ಹಟವನ್ನೇ ಬಿಟ್ಟು, ಅಲಗನ್ನು ಮರದ ತುಂಡುಗಳ ನಡುವೆ ವೈಸಿಗೆ (ವಸ್ತುವನ್ನು ಅಲುಗದಂತೆ ಕಚ್ಚಿ ಹಿಡಿಯುವ ಕಬ್ಬಿಣದ ಸಾಧನ) ಬಿಗಿದು, ಲಟ್ಟಣಿಗೆಯನ್ನು ಆಡಿಸತೊಡಗಿದೆ. ಕತ್ತಿ ಅಲುಗದಿದ್ದರೆ ಕೋನ ಹಿಡಿಯುವುದು ಅರ್ಧಕ್ಕರ್ಧ ಸುಲಭ.

ಅವಘಡ ನಡೆದದ್ದು ಆಗಲೇ, ಆಗಸ್ಟ್ ಹದಿನಾಲ್ಕರ ಸಂಜೆ. ಕಾಗದ ಸುತ್ತಿದ ಕೋಲನ್ನು ಯಾವಾಗಲೂ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ ಹೊರಕ್ಕೆ ಬಿಡಬೇಕು, ತಿರುಗಿ ಬಾಯಿಯ ವಿರುದ್ಧ ಎಳೆದರೆ ಅಂಚು ಕಾಗದವನ್ನು ಸೀಳುತ್ತದೆ ಎಂದು ಗೊತ್ತಿತ್ತು. ತಳ್ಳುವುದನ್ನು ಸರಿಯಾಗಿಯೇ ಮಾಡುತ್ತಿದ್ದೆ. ಆದರೆ ನೂರಾರು ಬಾರಿ ತಳ್ಳಿದ ಮೇಲೆ ಕೈಗೆ ಒಂದು ಲಯ ಬಂದುಬಿಡುತ್ತದೆ. ಮರಳಿ ತರುವಾಗ ಕೋಲನ್ನು ಎತ್ತುವುದನ್ನು ಮರೆತೆ, ಒದ್ದೆ ಕಾಗದ ಕಚ್ಚಿನಲ್ಲಿ ಸಿಕ್ಕಿಕೊಂಡಿತು, ಕೋಲು ನಿಂತಿತು, ಹೆಬ್ಬೆರಳು ನಿಲ್ಲಲಿಲ್ಲ. ನೋವಾಗಲಿಲ್ಲ ಎಂಬುದೇ ಬಾಯಿ ಹರಿತವಾಗುತ್ತಿದೆ ಎಂಬುದಕ್ಕೆ ಮೊದಲ ಸಾಕ್ಷಿ. ನಾಲ್ಕು ಹೊಲಿಗೆ, ಧನುರ್ವಾಯುವಿನ ಚುಚ್ಚುಮದ್ದು, ಔಷಧಿ ಸೇರಿ 1,450 ರೂಪಾಯಿ, ಎರಡೂವರೆ ವಾರ ಕೆಲಸ ಬಂದ್. ಈ ಕೆಲಸಕ್ಕೆ ಇಳಿಯುವವರು ಅಲಗಿನ ಬಾಯಿ ತಮ್ಮಿಂದ ಆಚೆ ಮುಖ ಮಾಡಿರುವಂತೆ ಬಿಗಿಯಲಿ, ಮಸೆಯದ ಭಾಗಕ್ಕೆ ದಪ್ಪ ಬಟ್ಟೆ ಸುತ್ತಲಿ, ಎರಡೂ ಕೈ ಕೋಲಿನ ಎರಡು ತುದಿಗಳಲ್ಲಿರಲಿ, ಹಿಡಿಯ ಬಳಿಯ ಕಚ್ಚಿಗೆ ಒಂದು ಬೆರಳು ಜಾಗ ಬಿಟ್ಟೇ ಎಳೆತ ಶುರುವಾಗಲಿ. ಮನೆಯಲ್ಲಿ ಒಬ್ಬರೇ ಇರುವಾಗ ಮಾಡುವುದು ಬೇಡ.

ಸೆಪ್ಟೆಂಬರ್ ಮೊದಲ ವಾರ ಮತ್ತೆ ಕುಳಿತಾಗ ಅವಸರ ಹೋಗಿತ್ತು. ಮೊದಲು ಅರ್ಧ ದುಂಡಗಿನ ಅರದಿಂದ ಒಳಬಾಗಿನ ಕುಳಿಯನ್ನೂ ನೀಲಿ ಅಂಚನ್ನೂ ಸವೆಸಿದೆ. ಅಲ್ಲಿ ಅರ ಕಚ್ಚುತ್ತಿತ್ತು. ಮೂರನೆಯ ದಿನ, ಒಂದು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ತೆಗೆದ ಮೇಲೆ, ಅದರ ಸದ್ದು ಬದಲಾಯಿತು: ಗರಗರ ಎನ್ನುತ್ತಿದ್ದದ್ದು ಸುಯ್ ಎನ್ನತೊಡಗಿತು. ಆಚಾರಿ ಹೇಳಿದ ಒಳ್ಳೆಯ ಉಕ್ಕು ಅದೇ ಎಂದು ಅರವನ್ನು ಕೆಳಗಿಟ್ಟೆ. ಕುಳಿ ಇದ್ದಲ್ಲಿ ಮಾತ್ರ ಅರೆದರೆ ಕುಳಿ ಇನ್ನೂ ಆಳವಾಗುತ್ತದೆಯಾದ್ದರಿಂದ ಇಡೀ ಒಳಬಾಗನ್ನು ಒಂದೇ ಸಮ ಅರೆಯಬೇಕು. ಈ ಅರೆತದಲ್ಲಿ ಹಳೆಯ ಮುಕ್ಕಿನ ಅರ್ಧ ಹೋಯಿತು. ಉಳಿದರ್ಧವನ್ನು ತೆಗೆಯಲು ಇನ್ನೂ ಒಂದು ಮಿಲಿಮೀಟರ್ ಉಕ್ಕನ್ನು ಬಲಿ ಕೊಡಲು ಮನಸ್ಸಾಗಲಿಲ್ಲ.

ಆಮೇಲೆ ಲಟ್ಟಣಿಗೆ. ಮರದ ಮೈಗೂ ಕಾಗದಕ್ಕೂ ನಡುವೆ ಹಳೆಯ ಸೈಕಲ್ ಟ್ಯೂಬಿನ ಒಂದು ಸುತ್ತು ಹಾಕಿದೆ. ರಬ್ಬರು ಸ್ವಲ್ಪ ಕುಗ್ಗುವುದರಿಂದ ಅಂಚು ಚಪ್ಪಟೆಯಾಗದೆ ಅಕ್ಕಿಕಾಳಿನ ಬದಿಯಂತೆ ತುಸು ಉಬ್ಬಿ ನಿಲ್ಲುತ್ತದೆ. ಖುಕ್ರಿಗೆ ಮೂಲದಲ್ಲಿ ಇರುವುದೇ ಅಂಥ ಬಾಯಿ, ಗಟ್ಟಿ ಮರ ಕಡಿದರೂ ಬೇಗ ಚಕ್ಕೆ ಏಳುವುದಿಲ್ಲ. 220ರ ಕಾಗದದಲ್ಲಿ ಒಂದು ಬದಿಯನ್ನಷ್ಟೇ ಎಳೆಯುತ್ತ ಹೋದರೆ ಎದುರು ಬದಿಯಲ್ಲಿ ಕೂದಲಿಗಿಂತ ತೆಳುವಾದ ಉಕ್ಕಿನ ಎಳೆ ಮಡಚಿ ಏಳುತ್ತದೆ, ಇದಕ್ಕೆ ಬರ್ ಎನ್ನುತ್ತಾರೆ. ಕಣ್ಣಿಗೆ ಕಾಣದಿದ್ದರೂ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಅಡ್ಡಲಾಗಿ ಸವರಿದಾಗ ಉಗುರಿಗೆ ತಡೆಯುತ್ತದೆ; ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬಾರದು. ಒಳಬಾಗಿನ ಇಡೀ ಉದ್ದಕ್ಕೂ ಆ ಎಳೆ ಎದ್ದಿದೆಯೆಂದು ಖಾತ್ರಿಯಾಗುವವರೆಗೆ ಬದಿ ಬದಲಿಸಬಾರದು. ನನಗೆ ಮುಕ್ಕಿನ ಆಚೀಚೆ ಎರಡು ಅಂಗುಲದಲ್ಲಿ ಅದು ಏಳಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಬದಿ ಬದಲಿಸಿ ಅಷ್ಟೇ ಮಾಡಿ, 400, 800 ಎಂದು ಮೇಲೇರಿದಂತೆ ಒತ್ತಡ ಕಡಿಮೆಯಾಗಬೇಕು, ಬದಿ ಬೇಗ ಬೇಗ ಬದಲಾಗಬೇಕು. 2000ಕ್ಕೆ ಬರುವಾಗ ಕೋಲಿನ ಭಾರ ಬಿಟ್ಟು ಕೈಯ ಭಾರವೇ ಇರಬಾರದು. ಬರೀ ಮೊಂಡಾದ, ಮುಕ್ಕಿಲ್ಲದ ಕತ್ತಿಯಾದರೆ 400ರಿಂದಲೇ ಆರಂಭಿಸಿದರೆ ಸಾಕು.

ಕೊನೆಗೆ ಹಳೆಯ ಚರ್ಮದ ಬೆಲ್ಟನ್ನು ಅದೇ ಲಟ್ಟಣಿಗೆಗೆ ಸುತ್ತಿ, ಹಸಿರು ಮೇಣ ತಿಕ್ಕಿ, ಪ್ರತಿ ಬದಿಗೆ ಮೂವತ್ತು ಸಲ ಸವರಿದೆ. ಉಳಿದಿದ್ದ ಎಳೆ ಉದುರಿತು.

ಒರೆಯ ಹಿಂಬದಿಯ ಜೇಬಿನಲ್ಲಿ ಎರಡು ಪುಟ್ಟ ಚಾಕುಗಳಿದ್ದವು. ಕರ್ದಾ ಎಂಬ ಒಂದು ಹರಿತ, ಚಕ್ಮಕ್ ಎಂಬ ಇನ್ನೊಂದು ಮೊಂಡು. ಮೊಂಡಾದದ್ದನ್ನೂ ಮಸೆಯಬೇಕೆಂದು ನಾನು ಜೂನಿನಲ್ಲಿಯೇ ಬದಿಗೆ ತೆಗೆದಿಟ್ಟಿದ್ದೆ. ಅದು ಹುಟ್ಟಿನಿಂದಲೇ ಮೊಂಡು, ಗಡಸು ಉಕ್ಕಿನದು; ಬಳಸಿ ಬಳಸಿ ಮಗ್ಗುಲಾದ ಬಾಯಿಯನ್ನು ನೆಟ್ಟಗೆ ಮಾಡಲು ಅದನ್ನು ಅಂಚಿಗೆ ಸವರುತ್ತಾರೆ, ಬೆಣಚುಕಲ್ಲಿಗೆ ಬಡಿದು ಕಿಡಿ ಹೊತ್ತಿಸಲೂ ಬಳಸುತ್ತಿದ್ದರು. ಕಿರುಬೆರಳಿನಷ್ಟೇ ಅಗಲವಿರುವುದರಿಂದ ಒಳಬಾಗಿನೊಳಗೆ ಸಲೀಸಾಗಿ ಕೂರುತ್ತದೆ. ಮುಕ್ಕನ್ನು ಅದು ಸರಿಪಡಿಸದು, ಸತ್ತ ಬಾಯಿಯನ್ನು ಬದುಕಿಸದು. ಆದರೆ ಹರಿತವಿದ್ದ ಕತ್ತಿಯನ್ನು ಹರಿತವಾಗಿ ಇಟ್ಟುಕೊಳ್ಳಲು ದಿನದ ಕೊನೆಗೆ ಹತ್ತು ಸಲ ಸವರಿದರೆ ಸಾಕು. ಅಪ್ಪ ಸಂಜೆ ಜಗಲಿಯಲ್ಲಿ ಕೂತು ಮಾಡುತ್ತಿದ್ದ ಆ ಟಿಕ್ ಟಿಕ್ ಸದ್ದು ಇದರದೇ ಇರಬೇಕು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಖರ್ಚು ಹೀಗಾಯಿತು: ಸಾಣೆಗೆ 60, ಆಚಾರಿಗೆ 100, ಕಾಗದಕ್ಕೆ 200, ಅರಕ್ಕೆ 280, ಮೇಣಕ್ಕೆ 220, ಸೆರಾಮಿಕ್ ಕಡ್ಡಿಗೆ 850, ಬೆರಳಿಗೆ 1,450, ಅಮ್ಮನಿಗೆ ಹೊಸ ಲಟ್ಟಣಿಗೆ 150, ಒಟ್ಟು 3,310 ರೂಪಾಯಿ. ತಪ್ಪು ಮಾಡದೆ ಹೋಗುವವರಿಗೆ ಎಂಟುನೂರರೊಳಗೆ ಮುಗಿಯುತ್ತದೆ. ಮುಗಿದ ಮೇಲೆ ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಹತ್ತಿಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಕೊಬ್ಬರಿ ಎಣ್ಣೆ ಕೆಲವು ತಿಂಗಳಿಗೆ ಜಿಗುಟಾಗುತ್ತದೆ. ಒರೆ ಪಕ್ಕದಲ್ಲಿ ಖಾಲಿಯಾಗಿಯೇ ಇದೆ.

ಕೈಯ ಕೂದಲು ಬೋಳಿಸಿ ಪರೀಕ್ಷಿಸುವುದರಲ್ಲಿ ನನಗೆ ನಂಬಿಕೆಯಿಲ್ಲ, ಅದರಲ್ಲಿ ತಿಳಿಯುವುದು ಹೊಟ್ಟೆಯ ಹರಿತ ಮಾತ್ರ. ವೃತ್ತಪತ್ರಿಕೆಯ ಹಾಳೆಯನ್ನು ಒಂದು ಕೈಯಲ್ಲಿ ತೂಗುಬಿಟ್ಟು ಹಿಡಿಯ ಬಳಿಯಿಂದ ತುದಿಯ ತನಕ ಒಂದೇ ಎಳೆತದಲ್ಲಿ ಕೊಯ್ದರೆ ಯಾವ ಭಾಗ ಕೊಯ್ಯುತ್ತದೆ, ಯಾವುದು ಹರಿಯುತ್ತದೆ ಎಂದು ಹಾಳೆಯ ಅಂಚೇ ಹೇಳುತ್ತದೆ. ಕಳೆದ ಭಾನುವಾರ ಹಾಳೆ ಬುಡದಲ್ಲಿ ಸದ್ದಿಲ್ಲದೆ ಸೀಳಿತು, ಒಳಬಾಗಿನ ನಡುವೆ ಉಳಿದರ್ಧ ಮುಕ್ಕಿಗೆ ಬಂದಾಗ ಒಂದು ನೂಲಿನಷ್ಟು ತಡೆದು, ಮತ್ತೆ ಸೀಳಿಕೊಂಡು ತುದಿಗೆ ಹೋಯಿತು.